ಅಬರ್ಡೀನದಾಗ ಸಡಿಲಾದ ಹಲಗಿ

ನನ್ನ ಕೂಸಿಗೆ ಎರೆಯಲು ಬರುವ ಗುಡ್ಡವ್ವನನ್ನು ಈ ಸಲದ ಬಾಬಾಸಾಹೇಬರ ಜಯಂತಿಯಲ್ಲಿ ಹಲಗಿ ಬಾರಿಸಲು ಬಿಡಲಿಲ್ಲ. ಬಿಡಬಾರದು ಅಂತ ಠರಾವು ಮಾಡಿದವರು ನಮ್ಮ ಓಣಿಯ ಗಂಡಸರೇ. ಅವರಲ್ಲಿ ನನ್ನ ಗಂಡ ಶುಭಮ್‌ನೂ ಒಬ್ಬ. ಇದನ್ನು ಮೊದಲೇ ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಸಿಟ್ಟು ಯಾರ ಮೇಲೆ ಅನ್ನುವುದನ್ನು ಮುಚ್ಚಿಟ್ಟು ಬರೆದರೆ ಅದು ಬರೀ ಗೊಣಗಾಟ ಆಗುತ್ತದೆ.

ನಮ್ಮೂರು ಹುಕ್ಕೇರಿ ತಾಲೂಕಿನಲ್ಲಿ, ಘಟಪ್ರಭಾ ಹೊಳೆಯ ದಂಡೆಗೆ. ಹೆಸರು ಬರೆಯುವುದಿಲ್ಲ. ಬರೆದರೆ ಸಂಜೆಯೊಳಗೆ ನಾಲ್ಕು ಮಂದಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ, ಮಲಗಿದ ಕೂಸು ಏಳುತ್ತದೆ. ನಾನು ಆಮ್ರಪಾಲಿ, ತವರು ಮೂಡಲಗಿ. ಗೋಕಾಕದ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಎರಡನೇ ಕೂಸು ಹುಟ್ಟಿದ ಮೇಲೆ ಸದ್ಯಕ್ಕೆ ಮನೆಯಲ್ಲಿದ್ದೇನೆ. ಶುಭಮ್ ಸಂಕೇಶ್ವರದ ಕಡೆ ವೈರಿಂಗ್ ಕೆಲಸ ಮಾಡುತ್ತಾನೆ. ಗುಡ್ಡವ್ವ ಅವನಿಗೆ ಸಂಬಂಧದಲ್ಲಿ ಚಿಗವ್ವ ಆಗಬೇಕು.

ಐವತ್ತು ದಾಟಿದ ಹೆಂಗಸು. ಒಣಗಿದ ಜ್ವಾಳದ ದಂಟಿನ ಹಾಗೆ ಮೈ, ದನಿ ಮಾತ್ರ ಓಣಿ ಈ ತುದಿಯಿಂದ ಆ ತುದಿಗೆ. ಕಬ್ಬಿನಲ್ಲಿ ಕಸ ತೆಗೆಯಲು ಹೋಗುತ್ತಾಳೆ, ಯಾರ ಮನೆಯಲ್ಲಿ ಬಾಣಂತಿ ಇದ್ದರೆ ಅಲ್ಲಿ ಎರೆಯಲು ಹೋಗುತ್ತಾಳೆ. ಬಚ್ಚಲಲ್ಲಿ ಕಾಲು ಚಾಚಿ ಕೂತು ಕೂಸನ್ನು ಮೊಣಕಾಲ ಕೆಳಗೆ ಬೋರಲು ಮಲಗಿಸಿ ಎಣ್ಣೆ ಹಚ್ಚುತ್ತಾಳಲ್ಲ, ಅದು ತಿಕ್ಕುವುದಲ್ಲ, ಬಾರಿಸುವುದು. ಬೆರಳು ತಾಳ ಬಿಡುವುದೇ ಇಲ್ಲ. ನನ್ನ ಕೂಸು ಮೊದಲ ದಿನ ಕಿರುಚಿತು. ಆಮೇಲೆ ಅಂಗಳದಲ್ಲಿ ಅವಳ ಕೆಮ್ಮು ಕೇಳಿದರೆ ಸಾಕು, ಕಾಲು ಒದೆಯತೊಡಗಿತು. ನನ್ನ ನೆತ್ತಿಗೆ ಬಿಸಿನೀರು ಸುರಿಯುತ್ತಾ ನನಗೂ ಬೈಗುಳ: "ಬಾಣಂತಿ ಅಂದ್ರ ನೆನದ ಗ್ವಾಡಿ ಇದ್ದಂಗ. ನೀನೂ ಯಾರಿಗೂ ಒರಗಬ್ಯಾಡ, ಯಾರನ್ನೂ ಒರಗಿಸ್ಕೋಬ್ಯಾಡ." ಅವಳು ಹೇಳಿದ್ದನ್ನೆಲ್ಲ ಕೂಸು ಮಲಗಿದಾಗ ಬರೆದಿಟ್ಟುಕೊಳ್ಳುವುದು ನನಗೆ ರೂಢಿಯಾಯಿತು.

ಹಲಗಿ ಅವಳಿಗೆ ಗಂಡನಿಂದ ಬಂದದ್ದು. ಸತ್ತೆಪ್ಪ ಊರಿಗೇ ಹೆಸರಾದ ಹಲಗಿಯವನು. ಕಟ್ಟಿಗೆಯ ಬಳೆಗೆ ಚರ್ಮ ಬಿಗಿದು, ಹೆಗಲಿಗೆ ತೂಗು ಹಾಕಿ, ಎರಡು ಕಡ್ಡಿಯಲ್ಲಿ ಬಾರಿಸುವ ವಾದ್ಯ ಅದು. ಬಾರಿಸುವ ಮೊದಲು ಹುಲ್ಲಿನ ಬೆಂಕಿಗೆ ಹಿಡಿದು ಕಾಸಲೇಬೇಕು. ಕಾದ ಚರ್ಮ ಬಿಗಿದುಕೊಂಡು ಠಣ್ ಠಣ್ ಅನ್ನುತ್ತದೆ. ಕಾಸದಿದ್ದರೆ ನೆನೆದ ಗೋಣಿಚೀಲ ಬಡಿದಂತೆ. ಮದುವೆಗೆ ಒಂದು ಬಡಿತ, ಮೆರವಣಿಗೆಗೆ ಒಂದು ಬಡಿತ, ಹೆಣದ ಮುಂದೆ ಒಂದು ಬಡಿತ. ಹೆಣದ ಮುಂದಿನದು ನಿಧಾನ, ತಗ್ಗು ದನಿಯದು. ಊರಲ್ಲಿ ಯಾರೇ ದೊಡ್ಡವರು ಸತ್ತರೂ ನಮ್ಮ ಓಣಿಯವರು ಹೋಗಿ ಅದನ್ನು ಬಾರಿಸಬೇಕು. ಕರೆಯುವುದು, ಕೇಳುವುದು ಏನೂ ಇಲ್ಲ. ಸುದ್ದಿ ಬಂತೆಂದರೆ ಹೊರಡಬೇಕು.

ಶುಭಮ್ ಇನ್ನೂ ಸಣ್ಣವನಿದ್ದಾಗಿನ ಮಾತು. ಸತ್ತೆಪ್ಪನ ತಾಯಿ ತೀರಿದ ದಿನವೇ ದೊಡ್ಡಮನೆಯಲ್ಲೂ, ಅಂದರೆ ಊರ ಕಬ್ಬಿನ ಹೊಲಗಳ ಒಡೆಯರಲ್ಲೂ, ಒಬ್ಬರು ತೀರಿದರು. ತಾಯಿಯ ಹೆಣ ಕಟ್ಟೆಯ ಮೇಲೆ ಬಿಟ್ಟು ಸತ್ತೆಪ್ಪ ದೊಡ್ಡಮನೆಯ ಹೆಣದ ಮುಂದೆ ಹಲಗಿ ಬಾರಿಸುತ್ತ ಹೋಗಬೇಕಾಯಿತು. ಅವನು ತಿರುಗಿ ಬರುವವರೆಗೆ ತಾಯಿ ಬಿಸಿಲಲ್ಲೇ ಇದ್ದಳು. ಮಣ್ಣು ಮಾಡಿ ಬಂದವನು ಓಣಿಯನ್ನು ಕೂಡಿಸಿ ಆಣೆ ಹಾಕಿಸಿದ. ಇನ್ನು ಮುಂದೆ ಆ ಬಡಿತ ಅವರ ಹೆಣಕ್ಕೂ ಇಲ್ಲ, ನಮ್ಮ ಹೆಣಕ್ಕೂ ಇಲ್ಲ. ನಮ್ಮವರಿಗೆ ಬಾರಿಸಿದರೆ, ಇನ್ನೂ ಬರುತ್ತದಲ್ಲ, ನಮಗೂ ಬಾರಿಸಿರಿ ಅಂದಾರು. ಅದಕ್ಕೆ ಕೈಗೆ ಮರೆತೇ ಹೋಗಬೇಕು ಅಂದನಂತೆ. ಊರು ಸುಮ್ಮನೆ ಬಿಡಲಿಲ್ಲ. ಗಿರಣಿಯಲ್ಲಿ ಹಿಟ್ಟು ಬೀಸಲಿಲ್ಲ, ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ. ಸತ್ತೆಪ್ಪನ ಗೆಳೆಯ ಭೀಮರಾಯ ಕಾಕಾ ಸಂಕೇಶ್ವರದ ತನಕ ನಡೆದು ಹೋಗಿ ಇಡೀ ಓಣಿಗೆ ಉಪ್ಪು, ಹಿಟ್ಟು ಹೊತ್ತು ತಂದ. ಆಮೇಲೆ ಓಣಿ ಬೌದ್ಧವಾಯಿತು, ವಿಹಾರ ಎದ್ದಿತು. ಹಲಗಿ ಉಳಿದದ್ದು ಮದುವೆಗೆ, ಮತ್ತು ಏಪ್ರಿಲ್ ಹದಿನಾಲ್ಕಕ್ಕೆ ಬಾಬಾಸಾಹೇಬರ ಫೋಟೋದ ಮುಂದೆ ಮಾತ್ರ.

ಕೆಲವು ವರ್ಷದ ಹಿಂದೆ ಸತ್ತೆಪ್ಪ ತೀರಿಕೊಂಡ. ಅಷ್ಟು ದೊಡ್ಡ ಹಲಗಿಯವನು, ಅವನ ಆಣೆಯ ಪ್ರಕಾರವೇ, ಒಂದು ಸಪ್ಪಳವಿಲ್ಲದೆ ಹೋದ. ಗುಡ್ಡವ್ವ ಗೂಟದಿಂದ ಹಲಗಿ ಇಳಿಸಿ ತಾನೇ ಹೆಗಲಿಗೆ ಹಾಕಿಕೊಂಡದ್ದು ಅದರ ಮರುವರ್ಷ. ಹೆಂಗಸರು ಹಲಗಿ ಹಿಡಿಯುವುದೇ ಅಂತ ನಕ್ಕವರು ಜಯಂತಿಯ ದಿನ ಬಾಯಿ ಮುಚ್ಚಿದರು. ಆಮೇಲೆ ಇನ್ನೂ ಮೂವರು ಹೆಂಗಸರು ಸೇರಿದರು. ಪ್ರತಿ ವರ್ಷ ಫೋಟೋದ ಮುಂದೆ ಈ ನಾಲ್ವರು, ನಾಲ್ವರ ಮುಂದೆ ಗುಡ್ಡವ್ವ. ವರ್ಷವಿಡೀ ಬೇರೆಯವರ ಕಬ್ಬಿನಲ್ಲಿ ಬಗ್ಗಿ ನಡೆಯುವ ಹೆಂಗಸು ಆ ಒಂದು ದಿನ ಇಡೀ ಊರಿನ ನಡುವೆ ನೆಟ್ಟಗೆ ನಡೆಯುತ್ತಿದ್ದಳು. ಅವಳಿಗೆ ಬೇಕಾದದ್ದು ಅಷ್ಟೇ. ಅದನ್ನೇ ಕಿತ್ತುಕೊಂಡರು.

ಕಿತ್ತುಕೊಂಡ ಬಗೆ ಹೇಳುತ್ತೇನೆ. ನಮ್ಮ ಮೂಡಲಗಿಯ ಕಡೆಯವನೇ ಒಬ್ಬ ರಾಜಪ್ಪ ಇದ್ದಾನೆ, ಜನಪದ ತಂಡಗಳನ್ನು ಅಲ್ಲಿ ಇಲ್ಲಿ ಕಳಿಸುವವನು. ಸ್ಕಾಟ್ಲೆಂಡಿನ ಅಬರ್ಡೀನ್ ಎಂಬ ಪಟ್ಟಣದಲ್ಲಿ ಮಾರ್ಚ್ ಕೊನೆಗೆ ಒಂದು ವಸಂತದ ಮೇಳ. ಚಳಿಗಾಲ ಕಳೆದು ಬೆಳಕು ಬಂತು ಅಂತ ಊರವರೆಲ್ಲ ಸೇರಿ ಹಾಡುವ, ಕುಣಿಯುವ, ಚಿತ್ರ ಬರೆಯುವ ಹಬ್ಬ. ಅದಕ್ಕೆ ಈ ನಾಲ್ಕು ಹೆಂಗಸರನ್ನು ಕರೆದೊಯ್ದ. ಓಣಿಯವರು ಹಾರ ಹಾಕಿ ಕಳಿಸಿದರು. ಶುಭಮ್ ತನ್ನ ಸ್ವೆಟರ್ ಕೊಟ್ಟ.

ಅಲ್ಲಿಯ ಸುದ್ದಿಯನ್ನೆಲ್ಲ ಗುಡ್ಡವ್ವ ಹೇಳಿದ್ದು ನಮ್ಮ ಬಚ್ಚಲಲ್ಲಿ. ಮನೆಗಳೆಲ್ಲ ಬೂದಿಗಲ್ಲಿನವು, ಬಾಜೂಕೇ ಸಮುದ್ರ, ಗಾಳಿ ಸೀರೆಯೊಳಗೆ ಹೊಕ್ಕರೆ ಹೊರಗೆ ಬರುವ ಮಾತಿಲ್ಲ. ಗಿಡಕ್ಕೆ ಎಲೆ ಇನ್ನೂ ಬಂದಿಲ್ಲ, ನೆಲದಿಂದ ಮಾತ್ರ ಹಳದಿ ಹೂವು ದಂಡು ದಂಡಾಗಿ ಎದ್ದಿವೆ. ಮೇಳ ನಡೆದದ್ದು ಒಂದು ದೊಡ್ಡ ಹಳೆಯ ಹಾಲ್‌ನಲ್ಲಿ. ಒಂದು ಮೂಲೆಯಲ್ಲಿ ಮುದುಕರು ಕೂತು ಸಮುದ್ರದ ಹಾಡು ಹೇಳುತ್ತಿದ್ದಾರೆ, ಇನ್ನೊಂದು ಮೂಲೆಯಲ್ಲಿ ಹೆಂಗಸರು ಕೂಡಿ ಒಂದೇ ಕಂಬಳಿ ಹೆಣೆಯುತ್ತಿದ್ದಾರೆ, ಸಾಲಿ ಹುಡುಗರು ಉದ್ದನೆಯ ಅರಿವೆಗೆ ಬಣ್ಣ ಬಳಿಯುತ್ತಿದ್ದಾರೆ. ಒಬ್ಬಳು ದೊಡ್ಡ ಪಾತ್ರೆಯಿಂದ ಬಿಸಿ ಸೂಪು ಬಗ್ಗಿಸಿ ಬಂದವರಿಗೆಲ್ಲ ಕೊಡುತ್ತಿದ್ದಾಳೆ. ಹಾಲ್ ಗುಡಿಸುವವನೂ ಅದೇ ಮೇಜಿಗೆ ಕೂತು ಕುಡಿದ. ಗುಡ್ಡವ್ವ ಅವನನ್ನೇ ನೋಡುತ್ತಾ ಕೂತಿದ್ದಳಂತೆ, ಯಾರಾದರೂ ಏಳು ಅನ್ನುತ್ತಾರೇನೋ ಅಂತ. ಯಾರೂ ಅನ್ನಲಿಲ್ಲ.

ಇವರ ಪಾಳಿ ಬರುವ ಹೊತ್ತಾಯಿತು. ಹಲಗಿ ಕಾಸಲು ಬೆಂಕಿ ಬೇಕು ಅಂದರು. ಒಳಗೆ ಬೆಂಕಿ ಹಚ್ಚುವಂತಿಲ್ಲ, ಕಡ್ಡಿ ಗೀರಿದರೂ ಗಂಟೆ ಹೊಡೆದುಕೊಳ್ಳುತ್ತದೆ ಅಂದ ರಾಜಪ್ಪ. ಅವನಿಗೆ ಇದು ಮೊದಲೇ ಗೊತ್ತಿತ್ತು, ಇವರಿಗೆ ಹೇಳಿರಲಿಲ್ಲ. ಹೊರಗೆ ಜಿಟಿಜಿಟಿ ಮಳೆ. ಪಾಪ, ಒಂದು ಹುಡುಗಿ ಓಡಿಹೋಗಿ ಕೂದಲು ಒಣಗಿಸುವ ಮಷಿನ್ ತಂದಳು. ಅದರ ಗಾಳಿ ತಾಗಿದಲ್ಲಿ ಚರ್ಮ ಬಿಗಿಯಿತು, ತಾಗದಲ್ಲಿ ಜೋತು ಬಿತ್ತು, ಮೊದಲಿಗಿಂತ ಕೆಟ್ಟಿತು. ಬ್ಯಾಗ್‌ಪೈಪ್ ಅನ್ನುವ ಚೀಲದ ಕೊಳಲು ಊದುವ ಒಬ್ಬ ಮುದುಕ ಪಕ್ಕದಲ್ಲೇ ನಿಂತಿದ್ದ. ತನ್ನ ವಾದ್ಯವನ್ನು ಕಂಕುಳಲ್ಲಿ ಅವುಚಿಕೊಂಡು, ಥಂಡಿಗೆ ಇದೂ ಹೀಗೇ ಹಟ ಮಾಡುತ್ತದೆ ಅಂತ ಕೈಯಲ್ಲೇ ತಿಳಿಸಿದ. ಗುಡ್ಡವ್ವನೂ ಹಲಗಿಯನ್ನು ಸ್ವೆಟರಿನೊಳಗೆ ಹೊಟ್ಟೆಗೆ ಒತ್ತಿಕೊಂಡು ನಿಂತಳು. ಬಸುರಿ ಇದ್ದಂಗ ಕಾಣ್ತಿದ್ದೆ ನೋಡು, ಅಂತ ಹೇಳಿ ನಕ್ಕಳು.

ವೇದಿಕೆ ಹತ್ತಿ ಮೆರವಣಿಗೆಯ ಬಡಿತ ಹಿಡಿದರು. ಧಪ್ ಧಪ್ ಅಂದಿತೇ ಹೊರತು ಏನೂ ಏಳಲಿಲ್ಲ. ಇವರಿಗೆ ಬೇಜಾರಾಗಬಾರದು ಅಂತ ಮಂದಿ ನಗುಮುಖ ಹೊತ್ತು ಕೂತಿದ್ದರು. ಆ ನಗು ನೋಡಿ ಗುಡ್ಡವ್ವ ಕೈ ನಿಲ್ಲಿಸಿದಳು. ಉಳಿದ ಮೂವರೂ ನಿಲ್ಲಿಸಿದರು.

"ಸಡಿಲ ಹಲಗಿ ಒಂದ ಮಾತ ಆಡತೈತಿ, ಆಮ್ರಾ," ಅಂದಳು ನನಗೆ. "ಬ್ಯಾರೆ ಏನ್ ಕೇಳಿದ್ರೂ ವಲ್ಲೆ ಅಂತೈತಿ. ಅದು ಏನ್ ಆಡತೈತೋ ಅದನ್ನ ಬಾರಿಸಿದೆ."

ಬಿಗಿ ಇಲ್ಲದ ಚರ್ಮದಲ್ಲಿ ನಿಲ್ಲುವುದು ತಗ್ಗು ದನಿಯ ನಿಧಾನದ ಬಡಿತ ಒಂದೇ. ಹೆಣದ ಮುಂದಿನದು. ಸತ್ತೆಪ್ಪನಿಗೆ ಆಗದೆ ಉಳಿದದ್ದು. ಇಲ್ಲಿ ಯಾರಿಗೆ ಗೊತ್ತಾಗಬೇಕು ಅಂದುಕೊಂಡಳು, ಕಣ್ಣು ಮುಚ್ಚಿ ಅವನನ್ನು ಮುಂದೆ ಮಲಗಿಸಿಕೊಂಡಳು, ಬಾರಿಸಿದಳು. ಉಳಿದವರು ಸುಮ್ಮನೆ ನಿಂತರು, ಅವರಿಗೆ ಅದು ಬರುವುದಿಲ್ಲ. ಆಣೆಗೆ ಮೊದಲು ಸತ್ತೆಪ್ಪನ ಕೈಯಲ್ಲಿ ಕೇಳಿದ್ದು ಇವಳಿಗೆ ಮಾತ್ರ ನೆನಪಿತ್ತು. ಹಾಲ್‌ನಲ್ಲಿ ನಗುಮುಖಗಳು ಇಳಿದವು. ಆ ಮುದುಕ ಟೊಪ್ಪಿಗೆ ತೆಗೆದು ಎದೆಗೆ ಹಿಡಿದನಂತೆ. ಗಂಡ ಸತ್ತು ಇಷ್ಟು ವರ್ಷದ ಮೇಲೆ ನನಗೆ ಅವತ್ತು ಹಸಿವಾಯಿತು, ಎರಡು ಸಲ ಸೂಪು ಕುಡಿದೆ ಅಂದಳು.

ನಾನು ವಿಡಿಯೋ ನೋಡಿದ್ದೇನೆ. ರಾಜಪ್ಪ ತೆಗೆದದ್ದು, ಅವನೇ ಊರಿಗೆಲ್ಲ ಹಂಚಿದ್ದು. ಬಡಿತ ಮುಗಿದ ಕೂಡಲೇ ಮೈಕು ಹಿಡಿದು ಇಂಗ್ಲಿಷಿನಲ್ಲಿ ಮಾತಾಡುತ್ತಾನೆ. ಈ ಹೆಂಗಸರ ಜಾತಿಗೆ ಸಾವಿನ ಮುಂದೆ ಬಾರಿಸುವುದೇ ಕೆಲಸ, ಸಾವಿರ ವರ್ಷದಿಂದ ಭಕ್ತಿಯಿಂದ ಮಾಡಿಕೊಂಡು ಬಂದ ಸೇವೆ ಇದು ಅಂತ. ಗುಡ್ಡವ್ವ ಪಕ್ಕದಲ್ಲೇ ಕೈ ಮುಗಿದು ನಿಂತಿದ್ದಾಳೆ, ಏನು ಅನ್ನುತ್ತಿದ್ದಾನೆಂದು ತಿಳಿಯದೆ. ನನಗೆ ತಿಳಿಯಿತು. ಭಕ್ತಿ ಅಂತೆ. ಬಿಸಿಲಲ್ಲಿ ತಾಯಿಯ ಹೆಣ ಬಿಟ್ಟು ಹೋದದ್ದು ಭಕ್ತಿ. ಅವಳಿಗೆ ಕನ್ನಡದಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಕೂಸಿನ ಬೆನ್ನ ಮೇಲಿನ ಬೆರಳು ನಿಂತವು. "ಅವಂಗ ಆ ಸೂಪ ಹೆಂಗ ಇಳೀತೋ," ಅಂದಳು, ಮತ್ತೆ ತಿಕ್ಕತೊಡಗಿದಳು.

ಅವಳು ಬಂದು ವಾರವಾಗಿರಲಿಲ್ಲ, ದೊಡ್ಡಮನೆಯ ಅಜ್ಜ ತೀರಿಕೊಂಡ. ಅವತ್ತು ಮುಂಜಾನೆ ಬಿಸಿಲು ಚೆನ್ನಾಗಿತ್ತೆಂದು ಕೂಸನ್ನು ಅಂಗಳದಲ್ಲೇ ಎರೆಯುತ್ತಿದ್ದಳು. ಅಜ್ಜನ ಅಣ್ಣನ ಮೊಮ್ಮಗ ಅಪ್ಪಣ್ಣ ಇನ್ನಿಬ್ಬರನ್ನು ಕರೆದುಕೊಂಡು ಬಂದು ಬೇಲಿಗೆ ನಿಂತ. ಶುಭಮ್ ಬಾಗಿಲ ಹಿಂದೆ ಚಹಾ ಕುಡಿಯುತ್ತಿದ್ದ. ಇದು ಮುಖ್ಯ, ಅದಕ್ಕೇ ಬರೆಯುತ್ತಿದ್ದೇನೆ. ಅವನು ಅಲ್ಲೇ ಇದ್ದ.

"ಗುಡ್ಡವ್ವಾ, ಅಜ್ಜ ಹ್ವಾದ," ಅಂದ ಅಪ್ಪಣ್ಣ. "ವಿಡಿಯೋದಾಗ ಭಾರಿ ಬಾರಿಸಿದಿ. ನಮ್ಮ ಅಜ್ಜಗೂ ಒಂದೀಟ ಬಾರಸು ಬಾ."

ಗುಡ್ಡವ್ವ ತಲೆ ಎತ್ತಲಿಲ್ಲ. "ಅಜ್ಜ ಹ್ವಾದದ್ದು ಕೆಟ್ಟಾತು. ಹಲಗಿ ಬರಂಗಿಲ್ಲ."

"ಬಿಳಿ ಮಂದಿ ಮುಂದ ಬಂತು, ನಮ್ಮ ಮುಂದ ಬರಂಗಿಲ್ಲೇನು? ಅವರೇನ್ ನಿನ್ನ ಬೀಗರ?"

ಆಗ ನೋಡಿದಳು. ಒಂದು ಕೈಯಲ್ಲಿ ಕೂಸಿನ ಕತ್ತು, ಇನ್ನೊಂದರಲ್ಲಿ ಚೆಂಬು. "ಅವರು ನಾ ಕುಡದ ಕಪ್ಪು ತಮ್ಮ ಕಪ್ಪಿನ ಜೋಡಿನ ತೊಳದಿಟ್ರು, ಅಪ್ಪಣ್ಣ. ನಿಮ್ಮ ಮನ್ಯಾಗ ನನ್ನ ಕಪ್ಪು ಇನ್ನೂ ದನದ ಕೊಟಗ್ಯಾಗ ಗ್ವಾಡಿ ಸಂದ್ಯಾಗ ಐತಿ. ಮೊದಲ ಅದನ್ನ ಒಳಗ ತಗೋರಿ. ಬೀಗತನದ ಮಾತ ಆಮ್ಯಾಲ ಆಡೂಣು."

ಅಪ್ಪಣ್ಣ ಬೇಲಿಯ ಒಂದು ಗೂಟ ಕಿತ್ತು ಎಸೆದು ಹೋದ. ಇನ್ನು ಕಬ್ಬಿನ ಕೆಲಸಕ್ಕೆ ಬರಬೇಡ ಅಂತ ಅವತ್ತೇ ಹೇಳಿ ಕಳಿಸಿದರು. ಶುಭಮ್ ಒಳಗಿಂದ ಹೊರಗೆ ಬಂದದ್ದು ಅವರು ಓಣಿ ದಾಟಿದ ಮೇಲೆ. ಗೂಟ ಎತ್ತಿ ಮತ್ತೆ ನೆಟ್ಟ.

ಆ ಸಂಜೆ ವಿಹಾರದಲ್ಲಿ ಓಣಿ ಸೇರಿತು. ಗುಡ್ಡವ್ವನಿಗೆ ಶಾಬಾಸ್ ಅನ್ನಲು ಕರೆದಿದ್ದಾರೆ ಅಂತ ನಾನು ತಿಳಿದೆ, ಕೂಸನ್ನು ಎತ್ತಿಕೊಂಡು ಹೋದೆ. ಅಲ್ಲಿ ಭೀಮರಾಯ ಕಾಕಾ ಎದ್ದು ನಿಂತು, ಸತ್ತೆಪ್ಪನ ಆಣೆ ಸತ್ತೆಪ್ಪನ ಹೆಂಡತಿಯೇ ಮುರಿದಳು ಅಂದ. ಅವರು ಇಷ್ಟು ವರ್ಷ ನಮ್ಮ ಬಾಗಿಲಿಗೆ ಬಂದಿರಲಿಲ್ಲ, ಈಗ ಬಂದರು, ಅವಳ ವಿಡಿಯೋ ಹಿಡಿದುಕೊಂಡು ಬಂದರು. ಇವತ್ತು ಇವಳನ್ನು ಕರೆದವರು ನಾಳೆ ನಮ್ಮ ಮೊಮ್ಮಕ್ಕಳನ್ನು ಕರೆಯುತ್ತಾರೆ. ಎಲ್ಲರ ಮುಂದೆ ತಪ್ಪಾಯಿತು ಅನ್ನಬೇಕು, ಇಲ್ಲವಾದರೆ ಈ ವರ್ಷ ಹಲಗಿ ಬೇಡ, ಸಂಕೇಶ್ವರದಿಂದ ಡಿಜೆ ತರಿಸೋಣ ಅಂದ.

ಉಪ್ಪು ಹೊತ್ತ ಮನುಷ್ಯ ಅವನು. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ, ಒಪ್ಪದಿದ್ದರೂ.

ಗುಡ್ಡವ್ವ ಎದ್ದು ನಿಂತಳು. ಸೆರಗು ಹೊದ್ದುಕೊಂಡಳು. "ಸತ್ತೆಪ್ಪನ ಮಾತ ಸತ್ತೆಪ್ಪನ ಸಲುವಾಗೇ ಮುರದೀನಿ. ಅದು ಅವಂದು ನಂದು, ನಾವ ನೋಡ್ಕೋತೀವಿ. ದೊಡ್ಡಮನಿಯವರಿಗೆ ಬಾಗಲದಾಗ ಇಲ್ಲ ಅಂದಾಕಿ ನಾನು. ಅವತ್ತ ನನ್ನ ಬಾಜೂಕ ಯಾರ ಇದ್ರಿ ಹೇಳ್ರಿ."

ನಾನು ಶುಭಮ್‌ನ ಕಡೆ ನೋಡಿದೆ. ಇವಳು ಇಲ್ಲ ಅಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ, ಕೆಲಸ ಹೋದರೂ ಇಲ್ಲ ಅಂದಳು ಅಂತ ಅವನು ಎದ್ದು ಹೇಳಿದ್ದರೆ ಅರ್ಧ ಓಣಿ ತಿರುಗುತ್ತಿತ್ತು. ಗಂಡಸರ ಸಾಲಿನಲ್ಲಿ ಕೂತವನು ಚಾಪೆಯ ಎಳೆ ಕೀಳುತ್ತಿದ್ದ. ನಾನೇ ಬಾಯಿ ತೆಗೆದೆ. ಬಾಣಂತಿ ಮನೆಗೆ ಹೋಗವ್ವ, ಗಾಳಿ ಹೊಕ್ಕೀತು ಅಂದರು. ಡಿಜೆ ಬೇಕೆನ್ನುವವರು ಕೈ ಎತ್ತಿರಿ ಅಂದಾಗ ಎದ್ದ ಕೈಗಳಲ್ಲಿ ಚಹಾದ ಕಪ್ಪು ಹಿಡಿದಿದ್ದ ಆ ಕೈಯೂ ಇತ್ತು.

ಮನೆಗೆ ಬಂದ ಮೇಲೆ ಕಾರಣ ಹೇಳಿದ. ಹಿರಿಯರ ಮಾತು ಮೀರುವುದು ಹೇಗೆ, ಓಣಿ ಒಡೆಯಬಾರದಲ್ಲ, ಮುಂದಿನ ವರ್ಷ ನೋಡೋಣ. ನಾನು ಕೂಸಿನ ಅರಿವೆ ಹಿಂಡುತ್ತಿದ್ದೆ. ಜೋರಾಗಿ ಹಿಂಡಿದೆ, ಹರಿಯಿತು.

ಜಯಂತಿಯ ದಿನ ಗುಡ್ಡವ್ವ ಬಿಳಿ ಸೀರೆ ಉಟ್ಟು ತನ್ನ ಕಟ್ಟೆಯ ಮೇಲೆ ನಿಂತಳು. ಫೋಟೋ ಬಂದಾಗ ಕೈ ಮುಗಿದಳು, ಒಳಗೆ ಹೋದಳು. ಉಳಿದ ಮೂವರು ಹೆಂಗಸರೂ ಹಲಗಿ ಗೂಟದಿಂದ ಇಳಿಸಲಿಲ್ಲ. ಡಿಜೆಯ ಸಪ್ಪಳಕ್ಕೆ ನನ್ನ ಮನೆಯ ಹಂಚು ಅದುರಿದವು, ಕೂಸಿನ ಕಿವಿಗೆ ಅರಳೆ ತುರುಕಿ ಅಡುಗೆಮನೆಯಲ್ಲಿ ಕೂತೆ. ಮೆರವಣಿಗೆ ದೊಡ್ಡಮನೆಯ ಮುಂದೆ ಬಂದಾಗ ಅಪ್ಪಣ್ಣನ ಕಡೆಯವರು ಕಟ್ಟೆಯ ಮೇಲೆ ನಿಂತು, "ಎಲ್ಲೈತ್ರೋ ನಿಮ್ಮ ಫಾರಿನ್ ಹಲಗಿ? ನೀವ ಕಸ್ಕೊಂಡ್ರೆಂತಲ್ಲ, ನಮ್ಮ ಕೆಲಸ ಹಗರಾತು," ಅಂತ ನಕ್ಕರಂತೆ. ಇದನ್ನು ನನಗೆ ಹೇಳಿದವನು ಶುಭಮ್‌ನೇ. ತಾಟಿನ ಮುಂದೆ ಕೂತು, ರೊಟ್ಟಿ ಮುರಿಯದೆ ಹೇಳಿದ. ನನಗೆ ಅಯ್ಯೋ ಅನ್ನಿಸಲಿಲ್ಲ. ನೀಡಿದೆ, ಎದ್ದು ಹೋದೆ.

ಅವತ್ತಿನಿಂದ ಗುಡ್ಡವ್ವ ಬರುವ ಹೊತ್ತಿಗೆ ಅವನು ಕೆಲಸಕ್ಕೆ ಹೊರಟುಬಿಡುತ್ತಿದ್ದ. ಗುಡ್ಡವ್ವ ಬರುವುದನ್ನು ಬಿಡಲಿಲ್ಲ. ಕೂಸೇನ್ ಕೈ ಎತ್ತಿತ್ತ? ಅಂದಳು ನಾನು ಕೇಳಿದಾಗ. ಕಬ್ಬಿನ ಕೆಲಸ ಹೋದ ಮೇಲೆ ಅವಳಿಗೆ ಬೇರೆ ಮನೆಗಳೂ ಬೇಕಾಗಿದ್ದವು. ಗೋಕಾಕದಲ್ಲಿ ನನಗೆ ಗೊತ್ತಿದ್ದ ಇಬ್ಬರು ಬಾಣಂತಿಯರ ಮನೆಗೆ ಹೇಳಿದ್ದೇನೆ, ಬಸ್ಸಿಗೆ ಹೋಗಿ ಬರುತ್ತಿದ್ದಾಳೆ.

ನಿನ್ನೆ ಶುಭಮ್ ಹೋಗಲಿಲ್ಲ. ಅವಳು ಕೂಸನ್ನು ಕಾಲ ಮೇಲೆ ಹಾಕಿಕೊಂಡಿದ್ದಳು, ಇವನು ಬಚ್ಚಲ ಬಾಗಿಲಿಗೆ ಬಂದು ನಿಂತ.

"ಚಿಗವ್ವಾ, ತಪ್ಪಾತು. ಅವತ್ತ ನಾ ಎದ್ದ ನಿಂದ್ರಬೇಕಾಗಿತ್ತು."

ಗುಡ್ಡವ್ವ ಕೂಸಿನ ನೆತ್ತಿಯ ಮೇಲೆ ಅಂಗೈ ಅಡ್ಡ ಹಿಡಿದು ನೀರು ಹಾಕಿದಳು, ಕಣ್ಣಿಗೆ ಇಳಿಯದ ಹಾಗೆ. ಒರೆಸಿದಳು. ಆಮೇಲೆ ಅಂದಳು, ಮೆತ್ತಗೆ, ಅವಳ ದನಿಯೇ ಅಲ್ಲ ಅನ್ನುವಷ್ಟು ಮೆತ್ತಗೆ:

"ಕಸ್ಕೊಂಡದ್ದು ವಿಹಾರದಾಗ, ಓಣಿ ಮಂದಿ ಮುಂದ. ಕೊಡಾಕ ಬಂದಿದ್ದು ಬಚ್ಚಲಕ್ಕ. ಇಲ್ಲಿ ಯಾರ ಅದಾರ ಕೇಳಾಕ? ನಿನ್ನ ಹೇಣ್ತಿ, ಈ ಕೂಸು. ಇಬ್ರಿಗೂ ಮೊದಲ ಗೊತ್ತೈತಿ. ಅಲ್ಲಿ ಹೋಗಿ ಅನ್ನು."

ಅವಳು ಕೂಸನ್ನು ಅರಿವೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಗೋಕಾಕದ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಇವನು ದಾರಿ ಬಿಟ್ಟು ಸರಿದು ನಿಂತ.

ನಾಡಿದ್ದು ಭಾನುವಾರ ವಿಹಾರದಲ್ಲಿ ವಂದನೆ ಇದೆ, ಓಣಿಯೆಲ್ಲ ಸೇರುತ್ತದೆ. ಅವನ ಬಿಳಿ ಅಂಗಿ ತೊಳೆದು ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿದ್ದೇನೆ. ಬರುತ್ತಾನೋ ಬಿಡುತ್ತಾನೋ ಅವನಿಗೆ ಬಿಟ್ಟದ್ದು. ನಾನಂತೂ ಕೂಸನ್ನು ಕಟ್ಟಿಕೊಂಡು ಹೋಗುವವಳು, ಮುಂದಿನ ಸಾಲಿನಲ್ಲಿ ಕೂಡುವವಳು. ಅವನು ಏಳದಿದ್ದರೆ ನಾನು ಏಳುತ್ತೇನೆ. ಅವತ್ತು ಅವನು ಚಹಾ ಕುಡಿಯುತ್ತಾ ಎಲ್ಲಿ ನಿಂತಿದ್ದ ಅನ್ನುವುದರಿಂದಲೇ ಶುರು ಮಾಡುತ್ತೇನೆ.